ನಿಜಾಮನ ಹೆಗಲೇರಿದ ಪಡೆ: ರಜಾಕಾರರು

ರಜಾಕಾರ ಎಂದರೆ ಸ್ವಯಂಸೇವಕ. ಹೈದರಾಬಾದಿನಲ್ಲಿ 1927ರಲ್ಲಿ ಹುಟ್ಟಿದ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಎಂಬ ಸಂಘಟನೆಯ ಕಾರ್ಯಕರ್ತರ ಪಡೆಗೆ ಈ ಹೆಸರು ಬಿತ್ತು. ಮಜ್ಲಿಸ್ ಮೊದಲು ಧಾರ್ಮಿಕ, ಸಾಂಸ್ಕೃತಿಕ ಕೆಲಸಗಳಿಗೆ ಸೀಮಿತವಾಗಿತ್ತು. ಅದಕ್ಕೆ ರಾಜಕೀಯದ ಕಾವು ತಂದವರು 1938ರಿಂದ ಅದರ ಮುಖಂಡರಾಗಿದ್ದ ಬಹಾದೂರ್ ಯಾರ್ ಜಂಗ್. ಅವರು 1944ರಲ್ಲಿ ತೀರಿಕೊಂಡರು. 1946ರಲ್ಲಿ ಮುಂದಾಳುತನ ಲಾತೂರಿನ ವಕೀಲ ಖಾಸಿಂ ರಜ್ವಿಯ ಕೈಗೆ ಬಂತು, ಪಡೆಯ ಕೈಗೆ ಆಯುಧ ಬಂತು. ಆಗ ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲೂಕುಗಳು ಹೈದರಾಬಾದಿನ ದೊರೆಯಾದ ನಿಜಾಮನ ರಾಜ್ಯದ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. ಸುಮಾರು 1.6 ಕೋಟಿ ಜನರಿದ್ದ ಆ ರಾಜ್ಯದಲ್ಲಿ ಮುಸ್ಲಿಮರು ಹೆಚ್ಚುಕಡಿಮೆ ಎಂಟರಲ್ಲೊಂದು ಪಾಲು. ಪರಿಚಯಕ್ಕೆ ಇಷ್ಟು ಸಾಕು.

ಓದುಗರು ಮೊದಲು ಎಡವುವುದು ಒಂದೇ ಕಡೆ: ರಜಾಕಾರರೆಂದರೆ ನಿಜಾಮನ ಸೈನ್ಯ ಎಂದುಕೊಳ್ಳುತ್ತಾರೆ. ನಿಜಾಮನಿಗೆ ಬೇರೆಯೇ ಸೈನ್ಯವಿತ್ತು. ಎಲ್ ಎದ್ರೂಸ್ ಅದರ ಸೇನಾಪತಿ. ರಜಾಕಾರರು ಆ ಸೇನಾಪತಿಯ ಮಾತು ಕೇಳುವವರಲ್ಲ, ಅವರಿಗೆ ಅಪ್ಪಣೆ ಬರುತ್ತಿದ್ದುದು ಮಜ್ಲಿಸಿನಿಂದ. ಈ ವ್ಯತ್ಯಾಸದ ಬೇರು ಮಜ್ಲಿಸಿನ 'ಅನಲ್ ಮಲಿಕ್' ತತ್ತ್ವದಲ್ಲಿದೆ. ರಾಜ್ಯದ ಒಡೆತನ ಇಡೀ ಮುಸ್ಲಿಂ ಸಮುದಾಯದ್ದು, ಸಿಂಹಾಸನದ ಮೇಲೆ ಕೂತ ನಿಜಾಮ ಆ ಒಡೆತನದ ಗುರುತು ಮಾತ್ರ ಎಂಬುದು ಅದರ ಸಾರ. ಮೇಲುನೋಟಕ್ಕೆ ಇದು ರಾಜಭಕ್ತಿಯಂತೆ ಕಾಣುತ್ತದೆ. ಬಗೆದು ನೋಡಿದರೆ ಅರಸನ ಅಧಿಕಾರ ಇಲ್ಲಿ ಸದ್ದಿಲ್ಲದೆ ಕೈಬದಲಾಗಿದೆ. ಬಡ ಜವಾನನಿಗೂ ನೀನೇ ದೊರೆ ಎಂದು ಹೇಳಿದ ತತ್ತ್ವ ನಿಜವಾದ ದೊರೆಗೆ ನೀನು ನಮ್ಮ ಗುರುತು ಮಾತ್ರ ಎಂದೂ ಹೇಳಿತು. ಈ ಚಳವಳಿಯಲ್ಲಿ ಇದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿಲ್ಲ.

ತತ್ತ್ವ ಬರಿಯ ಮಾತಾಗಿ ಉಳಿಯಲಿಲ್ಲವೆಂಬುದಕ್ಕೆ 1947ರ ಅಕ್ಟೋಬರ್ 27 ಸಾಕ್ಷಿ. ಸ್ವತಂತ್ರ ಭಾರತಕ್ಕೆ ಸೇರದೆ ಉಳಿದಿದ್ದ ನಿಜಾಮ ಅದರೊಂದಿಗೆ ಯಥಾಸ್ಥಿತಿ ಒಪ್ಪಂದಕ್ಕೆ ಒಪ್ಪಿಯಾಗಿತ್ತು, ನಿಯೋಗ ದೆಹಲಿಗೆ ಹೊರಡಬೇಕಿತ್ತು. ನಸುಕಿನಲ್ಲೇ ಮಜ್ಲಿಸಿನವರ ದೊಡ್ಡ ಗುಂಪು ಬಂದು ಪ್ರಧಾನಿ ಛತ್ತಾರಿ ನವಾಬ್, ಕಾನೂನು ಸಲಹೆಗಾರ ವಾಲ್ಟರ್ ಮಾಂಕ್ಟನ್, ಸುಲ್ತಾನ್ ಅಹ್ಮದ್ ಇವರ ಮನೆಗಳನ್ನು ಮುತ್ತಿತು. ಅವರನ್ನು ಸೈನ್ಯವೇ ಹೊರತರಬೇಕಾಯಿತು. ನಿಜಾಮ ಮನಸ್ಸು ಬದಲಿಸಿದ, ಛತ್ತಾರಿ ಹುದ್ದೆ ಬಿಟ್ಟರು, ಮಜ್ಲಿಸಿಗೆ ಒಪ್ಪಿಗೆಯಾದ ಲಾಯಕ್ ಅಲಿ ಪ್ರಧಾನಿಯಾದರು. ನವೆಂಬರ್ 29ರಂದು ಸಹಿಯಾದ ಒಪ್ಪಂದ ಹೆಚ್ಚುಕಡಿಮೆ ಮೊದಲಿನದೇ. ಹಾಗಾದರೆ ಮುತ್ತಿಗೆಯಿಂದ ಏನು ಬದಲಾಯಿತು? ಕಾಗದದ ಮೇಲೆ ಏನೂ ಇಲ್ಲ. ಆದರೆ ರಾಜ್ಯದಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಅಂದು ಎಲ್ಲರಿಗೂ ತಿಳಿಯಿತು. ಭಾರತವನ್ನು ಬೆದರಿಸಲು ನಿಜಾಮನಿಗೆ ರಜಾಕಾರರು ಬೇಕಿದ್ದರು, ಹಳ್ಳಿಗಳಲ್ಲಿ ಸರ್ಕಾರದ ಮುಖವಾಡ ತೊಡಲು ರಜಾಕಾರರಿಗೆ ನಿಜಾಮ ಬೇಕಿದ್ದ. ಹೀಗೆ ಒಬ್ಬರಿಗೊಬ್ಬರು ಒತ್ತೆಯಾಳಾದರು.

ಇದರ ಬಿಸಿ ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳಿಗೆ ತಟ್ಟಿದ ಬಗೆಯನ್ನು ಅರಿಯಲು ನಕಾಶೆ ನೋಡಬೇಕು. ಸುರಪುರದ ಪಡುವಣಕ್ಕೆ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆ, ಅಂದರೆ ಸ್ವತಂತ್ರ ಭಾರತ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ ಸಿಂದಗಿ ಇರುವುದೂ ಆ ಕಡೆಯೇ. ಯಾದಗಿರಿ ಭಾಗದಿಂದ ಕೊಲ್ಲೂರು ಮಲ್ಲಪ್ಪನವರಂಥವರು ಹೋರಾಟಕ್ಕಿಳಿದಿದ್ದರು. ಗಡಿಯಾಚೆ ಮುಂಡರಗಿ, ಗಜೇಂದ್ರಗಡಗಳಂಥ ಊರುಗಳಲ್ಲಿ ಹೋರಾಟಗಾರರ ಶಿಬಿರಗಳೆದ್ದವು. ಅಲ್ಲಿಂದ ಬಂದ ತಂಡಗಳು ನಿಜಾಮನ ನಾಕಾಗಳನ್ನೂ ಠಾಣೆಗಳನ್ನೂ ಹೊಡೆದು ಮರಳುತ್ತಿದ್ದವು. ಅವರಿಗೆ ಅನ್ನ ಹಾಕಿದರೆಂಬ ಗುಮಾನಿ ಸಾಕು, ಹಳ್ಳಿಯ ಮೇಲೆ ರಜಾಕಾರರು ಬೀಳುತ್ತಿದ್ದರು. ಲೂಟಿ, ಬೆಂಕಿ, ಕೊಲೆ ನಡೆದವು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಸೀಮೆ ಮರೆತಿಲ್ಲ. ಗಡಿಹಳ್ಳಿಗಳ ಎಷ್ಟೋ ಮನೆತನಗಳು ಊರು ಬಿಟ್ಟು ಭಾರತದ ನೆಲಕ್ಕೆ ದಾಟಿದವು.

ಇದು ಹಿಂದೂ ಮುಸ್ಲಿಂ ಕಾಳಗವಲ್ಲದೆ ಮತ್ತೇನು ಎಂದು ಕೇಳುವವರಿದ್ದಾರೆ. ಮತದ ಹೆಸರಿನಲ್ಲಿ ಕಟ್ಟಿದ ಪಡೆ, ಅದರ ಕೈಯಲ್ಲಿ ನೊಂದವರು ಬಹುಪಾಲು ಹಿಂದೂಗಳು, ಇದನ್ನು ಮರೆಮಾಚುವಂತಿಲ್ಲ. ಆದರೆ ಗೆರೆ ಅಷ್ಟು ನೇರವಾಗಿರಲಿಲ್ಲ. 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಭಾರತಕ್ಕೆ ಸೇರೋಣ ಎಂದು ಬರೆದರು, 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದರು. ಇತ್ತ ದಲಿತ ಮುಖಂಡ ಶ್ಯಾಮಸುಂದರ್ ನಿಜಾಮನ ನಿಯೋಗದಲ್ಲಿ ವಿಶ್ವಸಂಸ್ಥೆಗೆ ಹೋದರು. ಮುಂದೆ 1968ರಲ್ಲಿ ಗುಲ್ಬರ್ಗಾದಲ್ಲಿ ಭೀಮಸೇನೆ ಕಟ್ಟಿದವರು ಇವರೇ. ಮೇಲ್ಜಾತಿಯ ಆಳ್ವಿಕೆಗಿಂತ ನಿಜಾಮನೇ ವಾಸಿ ಎಂಬ ಲೆಕ್ಕಾಚಾರಕ್ಕೂ ಅಂದು ಜಾಗವಿತ್ತು. ಇನ್ನು ಕೆಲವರು ಇದೆಲ್ಲ ಜಮೀನ್ದಾರರ ವಿರುದ್ಧದ ರೈತಯುದ್ಧ ಎನ್ನುತ್ತಾರೆ. 1946ರಿಂದ ಕಮ್ಯುನಿಸ್ಟರ ದಂಗೆ ನಡೆದ ತೆಲಂಗಾಣಕ್ಕೆ ಆ ಮಾತು ಬಹುಮಟ್ಟಿಗೆ ಒಪ್ಪುತ್ತದೆ. ಕನ್ನಡ ಜಿಲ್ಲೆಗಳಲ್ಲಿ ಅಂಥ ದೊಡ್ಡ ರೈತದಂಗೆ ಏಳಲಿಲ್ಲ, ಆದರೂ ರಜಾಕಾರರ ಹಾವಳಿ ಕಡಿಮೆಯೇನಿರಲಿಲ್ಲ.

ಕೊನೆಗೆ 1948ರ ಸೆಪ್ಟೆಂಬರ್ 13ರಂದು ಭಾರತದ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಪಡೆ ಸೊಲ್ಲಾಪುರದ ದಾರಿಯಿಂದ ನಿಜಾಮನ ರಾಜ್ಯಕ್ಕೆ ನುಗ್ಗಿತು, 17ಕ್ಕೆ ಎಲ್ಲ ಮುಗಿಯಿತು. ಲಕ್ಷಗಟ್ಟಲೆ ಎಂದು ಕೊಚ್ಚಿಕೊಳ್ಳುತ್ತಿದ್ದ ರಜಾಕಾರ ಪಡೆ ಐದು ದಿನವೂ ನಿಲ್ಲಲಿಲ್ಲ. ಬಹಳಷ್ಟು ಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ನಿಲ್ಲಬಾರದು. ಆ ವರ್ಷದ ಕೊನೆಗೆ ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಕಾರ್ಯಾಚರಣೆಯ ಸಮಯದಲ್ಲೂ ಅನಂತರವೂ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಅತಿ ಹೆಚ್ಚು ನಲುಗಿದವೆಂದು ಅದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಒಂದು. ಸತ್ತವರು ಸಾಮಾನ್ಯ ಮುಸ್ಲಿಮರು. ಜೀವದ ಹಂಗು ತೊರೆದು ಅವರನ್ನು ಕಾಪಾಡಿದ ಹಿಂದೂಗಳ ಸಂಗತಿಯೂ ಅದೇ ವರದಿಯಲ್ಲಿದೆ. ಇದನ್ನು ಎತ್ತಿದರೆ ಗೋರ್ಟಾದ ನೋವು ಸಣ್ಣದಾಗುತ್ತದೆ ಎಂದು ಕೆಲವರಿಗೆ ಅನ್ನಿಸುತ್ತದೆ. ನನ್ನ ವಾದ ಅದಕ್ಕೆ ತಿರುಗುಮುರುಗು. ಪ್ರತಿಯೊಬ್ಬ ಮುಸ್ಲಿಮನೂ ದೊರೆ ಎಂದು ಮಜ್ಲಿಸ್ ಸಾರಿತ್ತು, ಸೇಡಿಗೆ ಇಳಿದವರು ಆ ಮಾತನ್ನು ನಿಜವೆಂದೇ ಹಿಡಿದರು, ದೊರೆತನದ ಒಂದು ತುಣುಕನ್ನೂ ಕಾಣದವನ ಮೇಲೆ ದೊರೆಯ ಅಪರಾಧ ಹೊರಿಸಿದರು. ಇತ್ತ ರಜ್ವಿ ಸೆರೆವಾಸ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ಹೋದ.

ಹೈದರಾಬಾದಿನಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಕೆ.ಎಂ. ಮುನ್ಶಿ, ಲಾಯಕ್ ಅಲಿ, ರಮಾನಂದ ತೀರ್ಥ ಮೂವರೂ ಆ ದಿನಗಳ ಬಗ್ಗೆ ಬರೆದಿದ್ದಾರೆ, ಮೂವರನ್ನೂ ಎದುರುಬದುರು ಇಟ್ಟು ಓದಬೇಕು. ಆದರೆ ಅವರ ಕಣ್ಣೆಲ್ಲ ಹೆಚ್ಚಾಗಿ ರಾಜಧಾನಿಯ ಮೇಲೆ. ತಾಲೂಕಿನ ಕತೆ ನಮ್ಮವರೇ ಬರೆಯಬೇಕು. ನಿಜಾಮನ ಆಡಳಿತ ನಡೆದದ್ದು ಉರ್ದುವಿನಲ್ಲಿ, ಅದರ ಕಡತಗಳು ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿವೆ. ಯಾದಗಿರಿ, ಶಹಾಪುರ, ಸುರಪುರದ ಕಾಲೇಜುಗಳಲ್ಲಿ ಇತಿಹಾಸ ಓದುವ ಮಕ್ಕಳು ಒಂದೆರಡು ವರ್ಷ ಉರ್ದು ಕಲಿತು ಅವನ್ನು ಬಿಚ್ಚಲಿ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಅವರ ಮಾತನ್ನು ಬರೆದುಕೊಳ್ಳುವ ಕೆಲಸ ಮೊದಲಾಗಲಿ, ಗಡಿ ದಾಟಿ ಓಡಿದವರ ಮನೆಗಳಲ್ಲಿ ಕೇಳಿದಂತೆಯೇ ಸೆಪ್ಟೆಂಬರಿನ ಮೇಲೆ ಗಂಡಸರನ್ನು ಕಳೆದುಕೊಂಡ ಮನೆಗಳಲ್ಲೂ ಕೇಳಲಿ.