ಹಲಗೆಯ ಕೆಳಗಿನ ಗಸಗಸೆ

ಹೈದರಾಬಾದಿನ ಕಾಚಿಗೂಡದ ನಮ್ಮ ಮನೆಯಲ್ಲಿ ನೆಲವೆಂದರೆ ಕಲ್ಲು. ಹಳೆಯ ಕೋಣೆಗಳಿಗೆ ಶಹಾಬಾದಿನ ಫರಸಿ, ಆಮೇಲೆ ಕಟ್ಟಿದ್ದಕ್ಕೆ ತಾಂಡೂರು ಕಲ್ಲು. ಹೀಗಾಗಿ ಮಗಳು ಮಂಗಳೂರಿನಲ್ಲಿ ಕೆಲಸ ಹಿಡಿದು, ಹಂಚಿನ ಮನೆಯೊಂದರ ಉಪ್ಪರಿಗೆಯನ್ನು ಬಾಡಿಗೆಗೆ ತೆಗೆದುಕೊಂಡಾಗ, ಅಲ್ಲಿನ ಹಲಗೆಯ ನೆಲದ ಫೋಟೋ ನಮ್ಮ ಬಳಗದಲ್ಲೆಲ್ಲ ಓಡಾಡಿತು. ಗಟ್ಟಿ ಮರ, ನೂರು ವರ್ಷಕ್ಕೂ ಏನೂ ಆಗುವುದಿಲ್ಲ ಎಂದಿದ್ದರಂತೆ ಮನೆಯವರು.

ಎರಡನೆಯ ವಾರ ಫೋನು ಬಂತು. "ಅಪ್ಪಾ, ಮೆಟ್ಟಿಲ ಕೆಳಗ ಚಪ್ಪಲಿ ಮ್ಯಾಲ ದಿನಾ ಗಸಗಸಿ ಬೀಳ್ಲಿಕತ್ತದ." ಗುಡಿಸಿದರೆ ಮರುದಿನ ಮತ್ತೆ ಒಂದು ಚಿಟಿಕೆ. ಮನೆಯವರನ್ನು ಕೇಳಿದ್ದಕ್ಕೆ ಸಿಕ್ಕ ಉತ್ತರ, "ಹಳೆ ಮನೆಯಲ್ವಾ, ಧೂಳು ಮಾರಾಯ್ರೆ."

ಕಾಚಿಗೂಡದಿಂದ ಹೊರಟು ಕೇರಳದ ಮೂಲಕ ಸುತ್ತಿ ಮಂಗಳೂರು ಸೇರುವ ರೈಲು ಹತ್ತಿದೆ. ಬ್ಯಾಗಿನಲ್ಲಿ ಒಂದು ಭೂತಕನ್ನಡಿ. ಅದರಡಿ ಧೂಳು ಧೂಳಾಗಿ ಉಳಿಯಲಿಲ್ಲ. ಒಂದು ಮಿಲಿಮೀಟರೂ ಇಲ್ಲದ ಕಾಳುಗಳು, ಎಲ್ಲವೂ ಒಂದೇ ಅಚ್ಚಿನಿಂದ ಬಂದಂತೆ. ಬೆಂಡೆಕಾಯಿಯ ಹಾಗೆ ಏಣುಗಳು; ಎಣಿಸಿದರೆ ಆರು. ಏಣುಗಳ ನಡುವೆ ಒಳಕ್ಕೆ ತಗ್ಗು. ಅದು ಒಣಮರದ ಗೆದ್ದಲಿನ ಹಿಕ್ಕೆ.

ನಮ್ಮ ಕಡೆಯ ಗೆದ್ದಲು ಬೇರೆ. ಅದು ಮಣ್ಣಿನ ಜೀವಿ. ತೇವಕ್ಕಾಗಿ ನೆಲದ ನಂಟು ಬಿಡಲಾರದು. ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡೇ ಬಾಗಿಲ ಚೌಕಟ್ಟಿಗೆ ಬರುತ್ತದೆ. ಕೊಳವೆ ಕಂಡರೆ ಕಳ್ಳ ಸಿಕ್ಕ ಹಾಗೆ. ಕ್ರಿಪ್ಟೋಟರ್ಮಿಸ್ ಕುಲದ ಈ ಕರಾವಳಿಯ ಗೆದ್ದಲು ಮಣ್ಣನ್ನು ಮುಟ್ಟುವುದೇ ಇಲ್ಲ. ರೆಕ್ಕೆ ಬಂದ ಜೋಡಿಯೊಂದು ಹಾರಿಬಂದು, ರೆಕ್ಕೆ ಉದುರಿಸಿ, ಹಲಗೆಯ ಬಿರುಕಿಗೆ ನುಗ್ಗಿ ಬಾಯಿ ಮುಚ್ಚಿಕೊಂಡರೆ ಮುಗಿಯಿತು: ಆ ಮರವೇ ಮನೆ, ಅದೇ ಊಟ, ಅದೇ ನೀರು.

ಒಣ ಹಲಗೆಯಲ್ಲಿ ನೀರೆಲ್ಲಿಂದ ಬಂತು? ಮರ ಸುತ್ತಲಿನ ಗಾಳಿಯ ಜೊತೆ ತೇವದ ಕೊಡುಕೊಳ್ಳುವಿಕೆ ನಡೆಸುತ್ತಲೇ ಇರುತ್ತದೆ. ಗಾಳಿಯ ತೇವಾಂಶ ಶೇಕಡ 80 ಇರುವ ಕಡೆ ಹಲಗೆ ತನ್ನ ಒಣ ತೂಕದ ಶೇಕಡ 16ರಷ್ಟು ನೀರು ಹಿಡಿದುಕೊಳ್ಳುತ್ತದೆ. ತೇವಾಂಶ 30ಕ್ಕೆ ಇಳಿಯುವ ನಮ್ಮ ಬೇಸಿಗೆಯ ಮಧ್ಯಾಹ್ನಗಳಂಥ ಹವೆಯಲ್ಲಿ ಅದೇ ಹಲಗೆಯಲ್ಲಿ ಉಳಿಯುವುದು ಸುಮಾರು 6. ಕಡಲ ಬದಿಯ ಆ ಹೆಚ್ಚುವರಿ ತೇವವೇ ಈ ಹುಳುವಿನ ಬಾವಿ. ಮರದ ನಾರು ಕರಗಿಸುವ ಕೆಲಸ ಕರುಳಿನಲ್ಲಿರುವ ಏಕಕೋಶ ಜೀವಿಗಳದು. ಹಾಗೆ ಕರಗಿದ್ದನ್ನು ದೇಹ ಉರಿಸುವಾಗ ಹುಟ್ಟುವ ನೀರೂ ಲೆಕ್ಕಕ್ಕೆ ಸೇರುತ್ತದೆ. ಇಷ್ಟಾದರೂ ಹುಳುವಿನ ಜಿಪುಣತನ ಮುಗಿಯುವುದಿಲ್ಲ. ಕರುಳಿನ ಕೊನೆಯಲ್ಲಿರುವ ಆರು ಮೆತ್ತೆಗಳು ಹಿಕ್ಕೆಯನ್ನು ಒತ್ತಿ ಕೊನೆಯ ಹನಿಯನ್ನೂ ಹೀರಿಕೊಳ್ಳುತ್ತವೆ. ಕಾಳಿನ ಆರು ತಗ್ಗುಗಳು ಆ ಆರು ಮೆತ್ತೆಗಳ ಗುರುತು. ನಾನು ಭೂತಕನ್ನಡಿಯಲ್ಲಿ ನೋಡಿದ್ದು ಕಸವನ್ನಲ್ಲ, ನೀರು ಹಿಂಡುವ ಯಂತ್ರದ ಅಚ್ಚನ್ನು.

ಒಳಗೆ ಕಾಳು ತುಂಬಿದಾಗ ಸೂಜಿಮೊನೆಯಷ್ಟು ತೂತು ಕೊರೆದು ಹೊರದಬ್ಬಿ, ಮತ್ತೆ ಮುಚ್ಚಿಬಿಡುತ್ತವೆ. ಶತ್ರು ಬಂದರೆ ಸೈನಿಕ ತನ್ನ ಮೊಂಡು ತಲೆಯನ್ನೇ ಬಿರಡೆಯಂತೆ ಸುರಂಗಕ್ಕೆ ತುರುಕುತ್ತದೆ. ಶಾಶ್ವತ ಕೂಲಿಯಾಳು ಎಂಬ ಜಾತಿಯೇ ಇಲ್ಲಿಲ್ಲ. ಮರಿಗಳೇ ದುಡಿಯುತ್ತವೆ, ರಾಣಿ ಸತ್ತರೆ ಅವುಗಳಲ್ಲೊಂದು ರಾಣಿಯಾಗುತ್ತದೆ. ಇನ್ನೂ ವಿಚಿತ್ರವೆಂದರೆ, ತಾವಿರುವ ಮರದ ತುಂಡು ಎಷ್ಟು ದೊಡ್ಡದೆಂದು ಅಗಿಯುವಾಗ ಏಳುವ ಕಂಪನದಿಂದಲೇ ಇವು ಅಳೆಯುತ್ತವೆ. ಆಸ್ಟ್ರೇಲಿಯಾದಲ್ಲಿ ಥಿಯೋಡರ್ ಎವಾನ್ಸ್ ಮತ್ತು ಸಂಗಡಿಗರು ಅಂಥ ಕಂಪನವನ್ನು ಧ್ವನಿಮುದ್ರಿಸಿ ಮರದ ತುಂಡುಗಳ ಮೂಲಕ ಕೇಳಿಸಿದಾಗ ಗೆದ್ದಲಿನ ನಡವಳಿಕೆಯೇ ಬದಲಾಯಿತೆಂದು 2005ರಲ್ಲಿ ವರದಿ ಮಾಡಿದರು. ಬಾಡಿಗೆ ಮನೆ ನೋಡಲು ಹೋದವರಿಗಿಂತ ಹುಳುವೇ ವಾಸಿ.

ಮನೆಯವರು ಕೊನೆಗೆ ಔಷಧಿಯವರನ್ನು ಕರೆಸಿದರು. ಅವರು ಕೆಳಗಿನ ನೆಲದಂಚಿಗೆ ಡ್ರಿಲ್ ಮಾಡಿ ದ್ರಾವಣ ಸುರಿದರು. ಮಣ್ಣಿನಿಂದ ಬರುವ ಗೆದ್ದಲಿಗೆ ಅದು ಸರಿ; ಮೇಲಿನ ಹಲಗೆಯಲ್ಲೇ ಹುಟ್ಟಿ ಬೆಳೆದದ್ದಕ್ಕೆ ಅದರಿಂದ ಏನಾಗಬೇಕು? ಇಲ್ಲಿ ಮದ್ದು ಮರದೊಳಕ್ಕೆ ಹೋಗಬೇಕು, ಇಲ್ಲವೇ 50 ಡಿಗ್ರಿಗೂ ಮೇಲಿನ ಬಿಸಿ ಮರದ ಒಡಲನ್ನು ಮುಟ್ಟಿ ಅರ್ಧ ಗಂಟೆಗೂ ಹೆಚ್ಚು ನಿಲ್ಲಬೇಕು.

ಆಚಾರಿ ಬಂದು ಸ್ಕ್ರೂಡ್ರೈವರಿನ ಹಿಡಿಯಿಂದ ಹಲಗೆಗಳನ್ನು ತಟ್ಟುತ್ತ ಹೋದ. ಹಲಸಿನ ಹಳೆಯ ಹಲಗೆಗಳು ಠಣ್ಣೆಂದವು. ಮಧ್ಯದಲ್ಲಿ ಯಾವಾಗಲೋ ತೇಪೆ ಹಾಕಿದ್ದ ಮಾವಿನ ಹಲಗೆ ಮಾತ್ರ ಟೊಳ್ಳು ಸದ್ದು ಮಾಡಿತು; ಕಿತ್ತರೆ ಮೇಲೆ ಕಾಗದದಷ್ಟು ಮರ, ಒಳಗೆಲ್ಲ ಕಾಳು. ಮರವನ್ನು ಕಾಯುವುದರಲ್ಲಿ ಗಟ್ಟಿತನಕ್ಕಿಂತ ತಿರುಳಿನ ರಸಾಯನದ ಪಾಲು ದೊಡ್ಡದು. ಸಾಗುವಾನಿಯ ತಿರುಳಿನಲ್ಲಿ ಟೆಕ್ಟೋಕ್ವಿನೋನ್ ಇದೆ, ಗೆದ್ದಲಿಗೆ ಅದು ಆಗದು. ಅದೇ ಸಾಗುವಾನಿಯ ಹೊರಗಿನ ಬಿಳಿ ಭಾಗಕ್ಕೆ ಆ ರಕ್ಷಣೆಯಿಲ್ಲ.

ಆ ಹಲಗೆಯ ತುಂಡೊಂದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಊರಿಗೆ ತಂದೆ. "ರೈಲಿನಾಗ ಹುಳಾ ಹೊತ್ತುಕೊಂಡು ಬರೋರು ನೀವೊಬ್ರೇ" ಎಂದಳು ಹೆಂಡತಿ. ಡಬ್ಬಿಯ ತಳದಲ್ಲಿ ಹನ್ನೊಂದು ದಿನ ಗಸಗಸೆ ಬೀಳುತ್ತಲೇ ಇತ್ತು. ಹನ್ನೆರಡನೆಯ ದಿನ ತುಂಡಿಗೆ ಕಪ್ಪು ಪ್ಲಾಸ್ಟಿಕ್ ಸುತ್ತಿ, ಕಾಚಿಗೂಡದ ಮೇ ತಿಂಗಳ ತಾರಸಿಯ ಮೇಲಿಟ್ಟು ಕೆಳಗಿಳಿದು ಬಂದೆ.