ಮನೆಯಲ್ಲಿ ಆಹಾರದ ನಳಿಕೆಯ ಆರೈಕೆ



ಪಾರ್ಶ್ವವಾಯುವಿನಿಂದ ನುಂಗುವ ಶಕ್ತಿಯನ್ನು ಕಳೆದುಕೊಂಡ ಹಿರಿಯರೊಬ್ಬರು, ಹೊಟ್ಟೆಗೆ ನಳಿಕೆ ಹಾಕಿಸಿಕೊಂಡು ಇದೇ ಯೂನಿಯನ್‌ವಿಲ್‌ನ ತಮ್ಮ ಮನೆಗೆ ಮರಳಿದರು. ಅಂದು ಅವರ ಸೊಸೆ ನನ್ನನ್ನು ಕೇಳಿದರು: "ಡಾಕ್ಟರೆ, ಮಾವನವರಿಗೆ ರಾಗಿ ಗಂಜಿಯನ್ನು ಇದರಲ್ಲಿಯೇ ಹಾಕಬಹುದೆ?" ಆ ಪ್ರಶ್ನೆಯಲ್ಲಿ ಭಯಕ್ಕಿಂತ ಮಮತೆಯೇ ಹೆಚ್ಚಾಗಿತ್ತು. ಅಂಥ ಮಮತೆಗೆ ಸ್ವಲ್ಪ ತಿಳಿವಳಿಕೆಯನ್ನು ಜೋಡಿಸುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಹಿಂದೆ ಇಂಥ ನಳಿಕೆಗಾಗಿ ಹೊಟ್ಟೆಯನ್ನು ಕೊಯ್ಯಬೇಕಾಗುತ್ತಿತ್ತು. 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಡಾ. ಮೈಕೆಲ್ ಗೌಡರರ್ ಮತ್ತು ಡಾ. ಜೆಫ್ರಿ ಪಾನ್‌ಸ್ಕಿ ಅವರು ಎಂಡೋಸ್ಕೋಪಿನ ನೆರವಿನಿಂದ, ಒಂದು ಸಣ್ಣ ರಂಧ್ರದ ಮೂಲಕವೇ ಹಸುಗೂಸೊಂದಕ್ಕೆ ನಳಿಕೆಯನ್ನು ಅಳವಡಿಸಿದರು. 'ಪೆಗ್' ಎಂಬ ಆ ವಿಧಾನವೇ ಇಂದು ಬಹುಮಟ್ಟಿಗೆ ರೂಢಿಯಲ್ಲಿದೆ.

ಗಂಜಿ ತಣಿದಂತೆ ಗಟ್ಟಿಯಾಗಿ ನಳಿಕೆಯನ್ನು ಕಟ್ಟಿಬಿಡುತ್ತದೆ. ಅದೊಂದರಿಂದಲೇ ಪೂರ್ಣ ಪೋಷಣೆಯೂ ದೊರೆಯದು. ಆದ್ದರಿಂದ ಡಯಟೀಷಿಯನ್ ಸೂಚಿಸಿದ ದ್ರವಾಹಾರವೇ ಲೇಸು. ಮನೆಯ ಅಡುಗೆಯನ್ನು ಕೊಡುವ ಆಸೆಯಿದ್ದರೆ ಮೊದಲು ಅವರನ್ನೇ ಕೇಳಬೇಕು.

ನಳಿಕೆಯ ಆಯುಷ್ಯ ನಿಂತಿರುವುದು ನೀರಿನ ಮೇಲೆ. ಆಹಾರಕ್ಕೆ ಮೊದಲು ಮತ್ತು ಅನಂತರ, ಔಷಧಿಗೆ ಮೊದಲು ಮತ್ತು ಅನಂತರ ಸಿರಿಂಜಿನಿಂದ ನೀರು ಹಾಯಿಸಬೇಕು. ವಯಸ್ಕರಿಗೆ ಸಾಮಾನ್ಯವಾಗಿ 30 ಮಿಲಿಲೀಟರ್. ನಿಮ್ಮ ನರ್ಸ್ ಬೇರೆ ಪ್ರಮಾಣ ಹೇಳಿದ್ದರೆ ಅದೇ ಸರಿ. ಔಷಧಿಗಳನ್ನು ಆಹಾರದೊಡನೆ ಬೆರೆಸದೆ ಒಂದೊಂದನ್ನೇ ಕೊಡಬೇಕು. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳನ್ನು ಪುಡಿಮಾಡಲಾಗದು. ನಳಿಕೆ ಕಟ್ಟಿಕೊಂಡರೆ ಉಗುರುಬೆಚ್ಚಗಿನ ನೀರನ್ನು ಮೆಲ್ಲನೆ ಒತ್ತಿ, ಹಿಂದಕ್ಕೆ ಎಳೆದು ನೋಡಬಹುದು. ತಂತಿಯನ್ನು ಎಂದಿಗೂ ತೂರಿಸಕೂಡದು.

ಆಹಾರ ಕೊಡುವಾಗಲೂ, ಅನಂತರ ಕನಿಷ್ಠ ಅರ್ಧ ಗಂಟೆಯವರೆಗೂ ರೋಗಿಯ ತಲೆ ಮತ್ತು ಎದೆ ಎತ್ತರದಲ್ಲಿರಲಿ. ಇಲ್ಲವಾದರೆ ಆಹಾರ ಮೇಲೇರಿ ಶ್ವಾಸಕೋಶಕ್ಕೆ ಇಳಿಯಬಹುದು. ನಳಿಕೆಯ ಸುತ್ತಲಿನ ಚರ್ಮವನ್ನು ದಿನವೂ ಸೋಪು ನೀರಿನಿಂದ ತೊಳೆದು ಒಣಗಿಸಬೇಕು. ಬಾಯಿಯಿಂದ ಉಣ್ಣದವರಿಗೂ ಹಲ್ಲುಜ್ಜಿಸಲೇಬೇಕು. ಕೊಳೆತ ಬಾಯಿಯ ಜೊಲ್ಲು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಆಹಾರ ಕೊಡುತ್ತಿರುವಾಗ ತೀವ್ರ ಹೊಟ್ಟೆನೋವು, ವಾಂತಿ ಅಥವಾ ಉಬ್ಬಸ ಕಾಣಿಸಿಕೊಂಡರೆ ಕೂಡಲೆ ನಿಲ್ಲಿಸಿ ವೈದ್ಯರ ನೆರವು ಪಡೆಯಿರಿ.

ಅದೇ ಮನೆಯಲ್ಲಿ ಜನವರಿಯ ಒಂದು ರಾತ್ರಿ ನಳಿಕೆ ಕಳಚಿ ಬಂದಿತು. ಹೊರಗೆ ಹಿಮ ಸುರಿಯುತ್ತಿತ್ತು. ಬೆಳಗಾಗಲೆಂದು ಕಾದರು. ಅಷ್ಟರಲ್ಲಿ ರಂಧ್ರ ಮುಚ್ಚಿಕೊಂಡು, ಹೊಸ ನಳಿಕೆಗಾಗಿ ಆ ವೃದ್ಧರು ಮತ್ತೊಮ್ಮೆ ಎಲ್ಲವನ್ನೂ ಅನುಭವಿಸಬೇಕಾಯಿತು. ಈ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುತ್ತದೆ. ಆದ್ದರಿಂದ ಶುಭ್ರ ಬಟ್ಟೆಯಿಂದ ಮುಚ್ಚಿ, ಕಳಚಿದ ನಳಿಕೆಯನ್ನೂ ಜೊತೆಗೊಯ್ದು, ತಡಮಾಡದೆ ಎಮರ್ಜೆನ್ಸಿಗೆ ಹೋಗಬೇಕು. ಅಳವಡಿಸಿದ ಮೊದಲ ವಾರಗಳಲ್ಲಂತೂ ಅದನ್ನು ನೀವಾಗಿ ಒಳಕ್ಕೆ ತಳ್ಳುವುದು ಅಪಾಯಕರ.

ಕೊನೆಯದಾಗಿ ಒಂದು ಮಾತು. ನಳಿಕೆ ಹೊಟ್ಟೆಯನ್ನು ತುಂಬಿಸುತ್ತದೆ; ಪಂಕ್ತಿಯಲ್ಲಿನ ಸ್ಥಾನವನ್ನು ತುಂಬಿಕೊಡುವವರು ಮನೆಯವರೇ. ಊಟದ ಹೊತ್ತಿಗೆ ಹಿರಿಯರನ್ನು ಬೇರೆ ಕೋಣೆಯಲ್ಲಿರಿಸುವ ಮುನ್ನ ಅವರ ಇಷ್ಟವೇನೆಂದು ಕೇಳಿರಿ. ನಾನು ಹೇಳಿದ ಆ ಮಾವನವರು ಯುಗಾದಿಯಂದು ಎಲ್ಲರ ನಡುವೆ ಕುಳಿತಿದ್ದರು. ನುಂಗುವಿಕೆಯ ತಜ್ಞರ ಅನುಮತಿ ಇರಲಿಲ್ಲವಾದ್ದರಿಂದ ಬೇವುಬೆಲ್ಲವನ್ನು ಅವರ ಬಾಯಿಗೆ ಇಡಲಿಲ್ಲ. ಆದರೆ ಅದನ್ನು ಮೊಮ್ಮಕ್ಕಳಿಗೆಲ್ಲ ಹಂಚಿದ್ದು ಅವರದೇ ಕೈ.