ದೂರದ ಭೂಕಂಪ, ಹತ್ತಿರದ ತಪ್ಪು ಕಲ್ಪನೆಗಳು

ಭೂಕಂಪದಲ್ಲಿ ಕುಸಿದ ಕಟ್ಟಡಗಳಡಿ ಸಿಕ್ಕವರನ್ನು ಉಳಿಸುವವರು ವಿಮಾನದಲ್ಲಿ ಬಂದಿಳಿಯುವ ಸಮವಸ್ತ್ರದ ಪಡೆಗಳವರೇ ಎಂಬ ನಂಬಿಕೆ ಟಿ.ವಿ. ದೃಶ್ಯಗಳಿಂದ ಬೆಳೆದದ್ದು. ಬದುಕಿ ಹೊರಬರುವವರಲ್ಲಿ ಹೆಚ್ಚಿನವರನ್ನು ಮೊದಲ ದಿನವೇ ಎಳೆದು ತೆಗೆಯುವವರು ಮನೆಯವರು, ಅಕ್ಕಪಕ್ಕದವರು. ಭಾರತದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ (ಎನ್‌ಡಿಆರ್‌ಎಫ್) 2015ರಲ್ಲಿ ನೇಪಾಳದಲ್ಲಿ 11 ಜನರನ್ನು, 2023ರಲ್ಲಿ ಟರ್ಕಿಯಲ್ಲಿ ಇಬ್ಬರನ್ನು ಜೀವಂತವಾಗಿ ಹೊರತೆಗೆಯಿತು. ಇಷ್ಟೇನಾ ಅನ್ನಿಸಬಹುದು. ಆದರೆ ಪಡೆ ತಲುಪುವ ಹೊತ್ತಿಗೆ ಬರಿಗೈಗೆ ಸಿಗುವವರೆಲ್ಲ ಹೊರಬಂದಿರುತ್ತಾರೆ. ಕಾಂಕ್ರೀಟು ಕೊರೆದೇ ತಲುಪಬೇಕಾದವರು ಉಳಿದಿರುತ್ತಾರೆ. ಟರ್ಕಿಯ ನೂರ್ದಾಗಿಯಲ್ಲಿ ಆರು ವರ್ಷದ ಬಾಲಕಿ ಜೀವಂತ ಇರುವುದನ್ನು ಪತ್ತೆ ಹಚ್ಚಿದ್ದು ಪಡೆಯ ರೋಮಿಯೊ, ಜೂಲಿ ಎಂಬ ನಾಯಿಗಳು. ಮೂರು ದಿನ ಕಳೆದರೆ ಯಾರೂ ಬದುಕಿರುವುದಿಲ್ಲ ಎಂಬುದೂ ಸರಿಯಲ್ಲ. ಅಲ್ಲಿ ಹನ್ನೆರಡನೇ ದಿನವೂ ಜೀವಂತ ಸಿಕ್ಕವರಿದ್ದರು.

ಗೌರವ, ಪ್ರಶಸ್ತಿಗಳು ಸಮವಸ್ತ್ರಕ್ಕೆ ಮಾತ್ರ ಎಂಬ ಭಾವನೆಗೂ ಆಧಾರವಿಲ್ಲ. ಕೇಂದ್ರ ಸರ್ಕಾರ ನೀಡುವ ಸುಭಾಷ್ ಚಂದ್ರ ಬೋಸ್ ಆಪದಾ ಪ್ರಬಂಧನ ಪುರಸ್ಕಾರ 2019ರಲ್ಲಿ ಎನ್‌ಡಿಆರ್‌ಎಫ್‌ನ 8ನೇ ಬೆಟಾಲಿಯನ್‌ಗೆ ಸಂದಿತು ನಿಜ. ಆದರೆ ಭಾರತದ ಯಾವುದೇ ಪ್ರಜೆ ಅದಕ್ಕೆ ಅರ್ಹ. ವ್ಯಕ್ತಿಗೆ 5 ಲಕ್ಷ ರೂಪಾಯಿ, ಸಂಸ್ಥೆಗೆ 51 ಲಕ್ಷ. ಸಂಸ್ಥೆ ಆ ಹಣವನ್ನು ವಿಪತ್ತು ನಿರ್ವಹಣೆಗೇ ಬಳಸಬೇಕು.

ಸಂತ್ರಸ್ತರಿಗೆ ಮೊದಲು ಬೇಕಾದದ್ದು ಬಟ್ಟೆ ಎಂಬುದು ಬಹಳ ಗಟ್ಟಿಯಾದ ನಂಬಿಕೆ. ಹಳೆ ಸೀರೆ, ಪಂಚೆಗಳ ಗಂಟು ಕಟ್ಟಿ ಲಾರಿಗೇರಿಸುವುದು ಸುಲಭವೂ ಹೌದು, ಮನೆಯ ಬೀರು ಖಾಲಿಯಾಗುವುದೂ ಹೌದು. 2004ರ ಸುನಾಮಿಯ ನಂತರ ತಮಿಳುನಾಡಿನಲ್ಲಿ ಇಂಥ ಬಟ್ಟೆ ರಸ್ತೆಬದಿ ರಾಶಿಯಾಗಿ ಬಿದ್ದಿತ್ತು; ಅದನ್ನು ವಿಂಗಡಿಸಲು ಗೂಂಜ್ ಸಂಸ್ಥೆ ದೊಡ್ಡ ಕೆಲಸವನ್ನೇ ಕೈಗೊಳ್ಳಬೇಕಾಯಿತು. ದೂರದವರು ಹಣ ಕೊಟ್ಟರೆ ಬೇಕಾದದ್ದನ್ನು ಅಲ್ಲಿಯೇ ಕೊಳ್ಳಬಹುದು, ಸಾಗಣೆಯ ಖರ್ಚೂ ಉಳಿಯುತ್ತದೆ.

ಹೆಣಗಳಿಂದ ರೋಗ ಹರಡುತ್ತದೆಂದು ಗುರುತು ಹಿಡಿಯುವ ಮೊದಲೇ ಸಾಮೂಹಿಕವಾಗಿ ಹೂಳುವ ಆತುರ ತಪ್ಪು. ಗಾಯದಿಂದ ಸತ್ತವರ ದೇಹ ಸಾಂಕ್ರಾಮಿಕ ಹಬ್ಬಿಸದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಅಪಾಯ ಇರುವುದು ಬದುಕುಳಿದವರು ಕುಡಿಯುವ ನೀರಿನಲ್ಲಿ.

ನೀರಿನ ಅಪಾಯದ ಈ ಮಾತು ನಂಜನಗೂಡು, ತಿರುಮಕೂಡಲು ನರಸೀಪುರದವರಿಗೆ ಹೊಸದಲ್ಲ. ಅವರಿಗೆ ಗೊತ್ತಿರುವ ವಿಪತ್ತು ನೆರೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆಯೇ ಮುಳುಗಿತ್ತು. ಆದರೆ ಕಬಿನಿ ಜಲಾಶಯದಿಂದ ನೀರು ಬಿಡುವ ಮುನ್ನ ನದಿಪಾತ್ರದವರಿಗೆ ಎಚ್ಚರಿಕೆ ಬರುತ್ತದೆ. ಭೂಕಂಪ ಹೇಳಿ ಬರುವುದಿಲ್ಲ.

ಅದು ನಮ್ಮ ಕಡೆ ಬರುವುದೇ ಇಲ್ಲ ಎಂಬ ಧೈರ್ಯವೂ ಪೂರ್ತಿ ನಿಜವಲ್ಲ. 2002ರ ಭೂಕಂಪ ನಕ್ಷೆಯಲ್ಲಿ ಮೈಸೂರು ಭಾಗ ಕಡಿಮೆ ಅಪಾಯದ ಎರಡನೇ ವಲಯದಲ್ಲಿದೆ. ಕರ್ನಾಟಕದ ಗಡಿಗೆ ಹತ್ತಿರದ, ಲಾತೂರು ಜಿಲ್ಲೆಯ ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲೇ ಇತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿನ ಸುತ್ತಮುತ್ತ ಸುಮಾರು 10,000 ಜನ ಸತ್ತರು. ಮಣ್ಣಿನಲ್ಲಿ ಗುಂಡುಕಲ್ಲು ಕೂರಿಸಿ ಕಟ್ಟಿದ ದಪ್ಪ ಗೋಡೆಗಳು, ಮೇಲಿನ ಭಾರದ ಮಣ್ಣಿನ ಮಾಳಿಗೆಗಳು ಮಲಗಿದ್ದವರ ಮೇಲೆ ಬಿದ್ದವು. 52 ಊರುಗಳನ್ನು ಬೇರೆಡೆ ಕಟ್ಟಬೇಕಾಗಿ ಬಂತು. ಆ ಕೆಲಸ ವರ್ಷಗಟ್ಟಲೆ ನಡೆಯಿತು. 2002ರ ಪರಿಷ್ಕೃತ ನಕ್ಷೆಯಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಲಾಯಿತು.